ಮುತ್ತಿ ಕೇಳಿದ್ದು

ಸುಂಟಿಕೊಪ್ಪ
14 ಮೇ 2025, ಬುಧವಾರ

ಪ್ರೀತಿಯ ಆನಂದ್,

ಕರ್ತನ ಹೆಸರಿನಲ್ಲಿ ವಂದನೆಗಳು ಎಂದು ಬರೆಯಲು ಹೊರಟೆ. ಮದುವೆಗೆ ಮುಂಚೆ ನಾವು ಬರೆದುಕೊಂಡ ಕಾಗದಗಳೆಲ್ಲ ಹಾಗೇ ಶುರುವಾಗುತ್ತಿದ್ದವು. ಇವತ್ತು ಕೈ ಮುಂದೆ ಹೋಗಲಿಲ್ಲ. ಬರೀ ಹೆಸರು ಹಿಡಿದು ಕರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಫೋನು ಇಲ್ಲೇ ಅಲ್ಮೇರಾದಲ್ಲಿದೆ, ಆರಾಧನೆಗೆ ಹಾಕುವ ಬಿಳಿ ನಿಲುವಂಗಿಯ ಕೆಳಗೆ. ಎರಡನ್ನೂ ಒಟ್ಟಿಗೆ ಇಟ್ಟು ಹೋಗಿದ್ದೀರಿ. ಸಂಪಾಜೆಗೆ ನಿಮ್ಮ ಅಕ್ಕನಿಗೆ ಕರೆ ಮಾಡಿದಾಗಲೆಲ್ಲ ಅವರು ಹೇಳುವುದು ಒಂದೇ: ಜಗಲಿಯಲ್ಲಿ ಕೂತಿದ್ದಾನೆ, ರಸ್ತೆ ನೋಡುತ್ತಾನೆ, ಅರ್ಧ ಊಟ ಮಾಡಿ ಎದ್ದುಬಿಡುತ್ತಾನೆ, ನಿನ್ನ ಹೆಸರು ಹೇಳಿದರೆ ಒಳಗೆ ಹೋಗುತ್ತಾನೆ. ಮೊನ್ನೆ ಅವರೇ ಅತ್ತರು. ನನಗೆ ಅಳು ಬರಲಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗ ಯಾಕೆ ಬರಲಿಲ್ಲ ಎಂದು ಹೆದರಿಕೆಯಾಯಿತು.

ಆ ಭಾನುವಾರದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬೇರೆಯವರು ಊರಲ್ಲಿ ಅದನ್ನು ಹೇಗೆ ಹೇಗೋ ಹೇಳುತ್ತಿದ್ದಾರೆ. ನಾನು ನಿಮ್ಮ ಪಕ್ಕದಲ್ಲೇ ಇದ್ದವಳು.

ಈಸ್ಟರಿನ ಹಿಂದಿನ ಸಂಜೆ ನೀವು ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಿರಿ. ಸುಬ್ಬನ ಫೋನು ಬಂತು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದದ್ದರಿಂದ ಸ್ಪೀಕರ್ ಹಾಕಿದ್ದು ನಾನು. ಅವನ ಹೆಂಡತಿ ಮುತ್ತಿ ಆಗ ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪ್ರತಿ ವರ್ಷ ಈಸ್ಟರ್ ಮುಂಜಾನೆ, ಕತ್ತಲಿರುವಾಗಲೇ, ಅವನೇ ಅಲ್ಲವೇ ಪ್ರಾರ್ಥನಾಲಯದ ಬೀಗ ತೆಗೆದು ಬೆಂಚುಗಳನ್ನು ನಮ್ಮ ಸ್ಮಶಾನದ ದಿಬ್ಬಕ್ಕೆ ಹೊರುತ್ತಿದ್ದವನು, ಲಾಟೀನು ಕಟ್ಟುತ್ತಿದ್ದವನು. ಕುಡಿತ ಬಿಟ್ಟು ಸಭೆಗೆ ಸೇರಿದ ವರ್ಷ ನೀವು ಅವನ ಕೈಗೆ ಬೀಗದ ಕೈ ಕೊಟ್ಟಿರಿ. ಅದನ್ನು ಅವನು ಸೊಂಟದ ದಾರಕ್ಕೆ ಕಟ್ಟಿಕೊಂಡೇ ತೋಟದ ಕೆಲಸಕ್ಕೂ ಹೋಗುತ್ತಿದ್ದ ಎಂದು ಮುತ್ತಿ ನಗುತ್ತಿದ್ದಳು.

"ಅಯ್ಯ, ಆನೆ ಮರಿ ಕಟ್ಟಿಕೊಂಡು ನಮ್ಮ ಲೈನ್ ಮನೆಗಳ ಕೆಳಗೇ ಉಂಟು. ಹಲಸಿನಕಾಯಿಗೆ ಬಂದದ್ದು. ತೋಟದ ರೈಟರು ಎಲ್ಲರಿಗೂ ಮೆಸೇಜ್ ಹಾಕಿದ್ದಾರೆ. ನಾಳೆ ಬೆಳಕು ಹರಿದ ಮೇಲೆ ಬಂದ್ರೆ ಆಗ್ತದಾ?" ಎಂದು ಕೇಳಿದ.

ನೀವು ನಕ್ಕಿರಿ. ಸಿಡುಕಲಿಲ್ಲ, ಗದರಲಿಲ್ಲ. ಅದನ್ನು ಯಾರು ಕೇಳಿದರೂ ನಾನು ಹೇಳುತ್ತೇನೆ. "ಬೆಳಕು ಹರಿದ ಮೇಲೆ ಬಂದರೆ ಅದು ಮುಂಜಾನೆಯ ಆರಾಧನೆ ಹೇಗಾಗುತ್ತದೆ ಸುಬ್ಬ? ನಮ್ಮನ್ನು ಕಾಯುವವನು ಮಲಗುವುದಿಲ್ಲ. ಧೈರ್ಯವಾಗಿ ಬಾ" ಎಂದಿರಿ. ಅವನು ಆಯ್ತು ಅಯ್ಯ ಎಂದ. ನಾನು ಒಲೆಯ ಮುಂದೆ ನಿಂತು ತಲೆಯಾಡಿಸಿದೆ. ನನಗೂ ಆ ಮಾತು ಸರಿಯಾಗಿಯೇ ಕೇಳಿಸಿತು, ಆನಂದ್. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಹೆದರಿದಾಗ ಅಮ್ಮ ತಲೆ ಸವರಿ ಹೇಳುತ್ತಿದ್ದ ಮಾತು.

ಬೆಳಿಗ್ಗೆ ದಿಬ್ಬದ ಮೇಲೆ ಲಾಟೀನು ಇರಲಿಲ್ಲ. ಬೆಂಚೂ ಇರಲಿಲ್ಲ. ಸುಬ್ಬ ನಿದ್ದೆ ಹೋಗಿರಬೇಕು ಎಂದು ಯಾರೋ ತಮಾಷೆ ಮಾಡಿದರು. ಮೊಬೈಲ್ ಬೆಳಕಿನಲ್ಲೇ ಹಾಡು ಶುರುವಾಯಿತು. ಎರಡನೇ ಚರಣದಲ್ಲಿ ಲೈನಿನಿಂದ ಚೋಮ ಓಡಿ ಬಂದ. ಅವನು ಏನೂ ಹೇಳುವ ಮೊದಲೇ ಮುತ್ತಿ ಹಾಡು ನಿಲ್ಲಿಸಿದ್ದಳು. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಹಿಂದಿನ ದಿನವೇ ನಮ್ಮ ಮನೆಗೆ ಅಡುಗೆಗೆ ಬಂದು ಉಳಿದಿದ್ದರಿಂದ ಅವಳು ಲೈನಿನ ಕೆಳಗಿನ ದಾರಿಯಲ್ಲಿ ಬರಲಿಲ್ಲ. ಸುಬ್ಬ ಒಬ್ಬನೇ ಬಂದ, ತಿರುವಿನಲ್ಲಿ ಆನೆಗೆ ಸಿಕ್ಕಿದ.

ಮಡಿಕೇರಿಯ ಆಸ್ಪತ್ರೆಯಿಂದ ಶವ ಬಂದದ್ದು ಮರುದಿನ ಮಧ್ಯಾಹ್ನದ ಮೇಲೆ. ಅದೇ ದಿಬ್ಬದಲ್ಲಿ ಗುಂಡಿ ತೋಡಿದ್ದರು. ನೀವು ಚೆನ್ನಾಗಿಯೇ ಓದುತ್ತಿದ್ದಿರಿ, ದನಿ ನಡುಗುತ್ತಿರಲಿಲ್ಲ. ತಂದೆಯ ಚಿತ್ತವಿಲ್ಲದೆ ಒಂದು ಗುಬ್ಬಿಯೂ ನೆಲಕ್ಕೆ ಬೀಳದು ಎಂಬಲ್ಲಿಗೆ ಬಂದು ನಿಂತಿರಿ. ಮತ್ತೆ ಅದೇ ಸಾಲನ್ನು ಶುರುಮಾಡಿ ಮತ್ತೆ ನಿಂತಿರಿ. ಆಮೇಲೆ ಪುಸ್ತಕ ಮುಚ್ಚಿ ಜನರ ನಡುವೆ ದಾರಿ ಮಾಡಿಕೊಂಡು ಹೊರಟುಬಿಟ್ಟಿರಿ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ರಾರ್ಥನೆಯಿಲ್ಲದೆ ಮಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ನೀವು ಸಂಪಾಜೆ ಬಸ್ಸು ಹತ್ತಿದಿರಿ. ಎರಡು ದಿನ ಇದ್ದು ಬರುತ್ತೇನೆ ಎಂದಿರಿ. ನಾನು ನಂಬಿದೆ.

ಈಗ ಇಲ್ಲಿಯ ವಿಷಯ. ಪಾಸ್ಟರೇ ಅವನನ್ನು ಆನೆಯ ಬಾಯಿಗೆ ಕಳಿಸಿದರು ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೆಲವರು ಹೇಳುತ್ತಾರೆ. ಅರಣ್ಯದವರದು ತಪ್ಪು ಎಂದು ಇನ್ನು ಕೆಲವರು. ಸಭೆಯ ಹಿರಿಯರು ಎರಡು ಭಾನುವಾರ ತಾವೇ ಓದಿ ಮುಗಿಸಿದರು, ಮೂರನೆಯ ವಾರ ಬಾಗಿಲು ತೆಗೆಯಲಿಲ್ಲ. ಬೇರೆ ಪಾಸ್ಟರನ್ನು ಕೇಳಿ ಮೇಲಿನವರಿಗೆ ಬರೆಯುವುದಾಗಿ ನಿನ್ನೆ ಮನೆಗೆ ಬಂದು ಹೇಳಿದರು. ಕೆಟ್ಟವರಲ್ಲ, ಮುಖ ನೋಡಲಾಗದೆ ಗೋಡೆ ನೋಡಿಕೊಂಡು ಹೇಳಿದರು. ಪಕ್ಕದ ಅಂಗಡಿಯ ಪರಮೇಶಪ್ಪನವರು ಮಾತ್ರ ದಿನಾ ಮೆಟ್ಟಿಲ ಮೇಲೆ ಒಂದಿಷ್ಟು ತರಕಾರಿ ಇಟ್ಟು ಹೋಗುತ್ತಾರೆ. ಒಮ್ಮೆ ನಿಂತು ನಿಮ್ಮ ಬಗ್ಗೆ ಕೇಳಿದರು. ನಮ್ಮವರಿಗೆ ದೇವರ ಮೇಲೆ ಸಿಟ್ಟು ಬಂದಿದೆ ಎಂದೆ. "ನಾವೂ ಶಿವನ್ನ ಬೈತೀವಿ ಅಮ್ಮಾರೇ. ಆದ್ರೆ ಗುಡಿಗೇ ಹೋಗಿ ಬೈತೀವಿ. ಅಯ್ನೋರು ಬೈಯೋಕಾದ್ರೂ ಬರ್ಲಿ" ಎಂದರು.

ಮುತ್ತಿಯ ವಿಷಯ ಬರೆಯಲೇ ಈ ಕಾಗದ ಹಿಡಿದದ್ದು. ನೀವು ಹೋದ ವಾರವೇ ಅವಳು ಬಂದಳು. ಬೈಯುತ್ತಾಳೆ ಎಂದುಕೊಂಡು ನಾನು ಬಾಗಿಲಲ್ಲೇ ನಿಂತೆ. ಅವಳು ಒಳಗೆ ಬಂದು ನೆಲದ ಮೇಲೆ ಕೂತು, ಅಯ್ಯ ಎಲ್ಲಿ ಎಂದಳು. ಇಲ್ಲ ಎಂದೆ. ಹಾಗಾದರೆ ನೀವೇ ಹೇಳಿ ಎಂದು ಕೇಳಿದಳು:

"ಅವರು ಬೀಳುವಾಗ ದೇವರು ನೋಡ್ತಿದ್ದನಾ, ಇಲ್ವಾ? ಅಷ್ಟು ಹೇಳಿ, ಸಾಕು. ನೋಡ್ತಿದ್ದ ಅಂದ್ರೆ ನಂಗೆ ಸಿಟ್ಟು ಬರ್ತದೆ. ಇರ್ಲಿಲ್ಲ ಅಂದ್ರೆ ಹೆದ್ರಿಕೆ ಆಗ್ತದೆ, ಅಷ್ಟು ಕತ್ತಲೇಲಿ ಅವರೊಬ್ಬರೇ ಇದ್ದದ್ದಾ ಅಂತ. ಸಿಟ್ಟನ್ನಾದ್ರೆ ಹೇಗೋ ತಡ್ಕೊಳ್ತೇನೆ ಅಮ್ಮ."

ಇಪ್ಪತ್ತು ವರ್ಷ ಪಾಸ್ಟರ ಹೆಂಡತಿಯಾಗಿದ್ದೇನೆ. ಎದ್ದು ಒಲೆ ಹಚ್ಚಿದೆ. ಅವಳಿಗೆ ಚಹಾ ಕೊಟ್ಟೆ. ಕುಡಿದು ಹೋದಳು. ಮಾರನೆಯ ದಿನ ಮತ್ತೆ ಬಂದಳು, ಮತ್ತೆ ಅದನ್ನೇ ಕೇಳಿದಳು. ತೋಟದಲ್ಲಿ ಕಳೆ ತೆಗೆಯುವ ಕೆಲಸ ಮುಗಿಸಿ, ಕೈಯ ಮಣ್ಣೂ ತೊಳೆಯದೆ ಬರುತ್ತಿದ್ದಳು.

ಉತ್ತರ ಹುಡುಕಲು ನಾನು ಸತ್ಯವೇದ ತೆಗೆದೆ. ಯೋಬನ ಕಥೆಗೇ ಹೋದೆ, ಇನ್ನೆಲ್ಲಿಗೆ ಹೋಗಲಿ. ಮಕ್ಕಳನ್ನೆಲ್ಲ ಕಳೆದುಕೊಂಡವನು ಯಾಕೆ ಎಂದು ಕೇಳುತ್ತಾನೆ. ಬಿರುಗಾಳಿಯೊಳಗಿಂದ ದೇವರು ಕೊಡುವ ಉತ್ತರವನ್ನು ಎಷ್ಟು ಸಲ ಓದಿದ್ದೇನೋ. ಈ ಸಲ ಓದುವಾಗ ಮೈ ಉರಿಯಿತು. ಯಾಕೆ ಎಂದವನಿಗೆ ಆತ ತನ್ನ ಕಾಡುಮೃಗಗಳನ್ನು ತೋರಿಸುತ್ತಾನೆ! ಅವು ಮರಿ ಹಾಕುವ ಕಾಲ ನಿನಗೆ ಗೊತ್ತೋ ಎನ್ನುತ್ತಾನೆ. ಹುಲ್ಲು ಮೇಯುವ ಆ ದೊಡ್ಡ ಪ್ರಾಣಿಯನ್ನು ತೋರಿಸಿ, ನಿನ್ನನ್ನು ಉಂಟುಮಾಡಿದವನೇ ಇದನ್ನೂ ಉಂಟುಮಾಡಿದ್ದು ಎಂದು ಹೆಮ್ಮೆಪಡುತ್ತಾನೆ. ಹಾಗಾದರೆ ಆನೆಯೂ ಆತನದೇ. ಹಲಸಿಗೆ ಬಂದ ಆ ತಾಯಿಯ ಹಸಿವೂ ಆತನಿಗೆ ಗೊತ್ತು, ಮರಿಯನ್ನು ಕಾಯುವವನೂ ಆತನೇ. ಸುಬ್ಬನೂ ಆತನವನೇ. ಅಷ್ಟು ಕಿರಿದಾದ ದಾರಿಯಲ್ಲಿ ಆತನ ಕಣ್ಣೆದುರೇ ಇಬ್ಬರೂ ಎದುರಾದರು. ಕಣ್ಣು ಮುಚ್ಚಿರಲಿಲ್ಲ ಎಂದು ನಂಬಬಲ್ಲೆ. ಕೈ ಯಾಕೆ ಚಾಚಲಿಲ್ಲ? ಇದನ್ನು ಮುತ್ತಿಗೆ ಹೇಗೆ ಹೇಳಲಿ? ಪುಸ್ತಕ ಮುಚ್ಚಿದವಳು ಮತ್ತೆ ತೆರೆದಿಲ್ಲ. ಊಟಕ್ಕೆ ಮುಂಚೆ ಕೈ ಜೋಡಿಸುವುದನ್ನೂ ಬಿಟ್ಟಿದ್ದೇನೆ.

ಕಳೆದ ಶುಕ್ರವಾರ ಬೆಳಗಿನ ಜಾವ ಒಂದು ಸಂಗತಿ ನಡೆಯಿತು. ಇದು ಅಕ್ಕನಿಗೂ ಗೊತ್ತಿಲ್ಲ. ಆನೆ ಮತ್ತೆ ತೋಟಕ್ಕೆ ಬಂದಿದೆ, ಯಾರೂ ಕೆಳಗಿನ ದಾರಿಗೆ ಇಳಿಯಬೇಡಿ ಎಂದು ಹಿಂದಿನ ದಿನವೇ ಮೆಸೇಜ್ ಬಂದಿತ್ತು. ಮುತ್ತಿಗೆ ಒಂದಿಷ್ಟು ಅಕ್ಕಿ ಕೊಡೋಣವೆಂದು ಲೈನಿಗೆ ಹೋದರೆ ಅವಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಇರಲಿಲ್ಲ. ಎಲ್ಲಿಗೆ ಹೋಗಿದ್ದಾಳೆಂದು ಯಾರೂ ಹೇಳಬೇಕಿರಲಿಲ್ಲ. ನಾನು ಕೆಳಗಿನ ದಾರಿಗೆ ಓಡಿದೆ.

ಸುಬ್ಬ ಬಿದ್ದ ತಿರುವಿನಲ್ಲೇ ಅವಳು ಕೈ ಇಳಿಬಿಟ್ಟುಕೊಂಡು ನಿಂತಿದ್ದಳು. ಎದುರಿಗೆ, ಕಾಫಿ ಗಿಡಗಳ ಮೇಲೆ, ಆನೆಯ ಬೆನ್ನು ಕಾಣುತ್ತಿತ್ತು. ಅದು ದಾರಿಗೆ ಬಂದು ನಮ್ಮ ಕಡೆ ತಿರುಗಿತು. ಮರಿ ಅದರ ಕಾಲ ಸಂದಿಯಲ್ಲಿ. ಅದರ ಉಸಿರಾಟ ಕೇಳುತ್ತಿತ್ತು, ಆನಂದ್. ಹಸಿ ಹಲಸಿನ ವಾಸನೆ ಬರುತ್ತಿತ್ತು. "ನೋಡುತ್ತಿದ್ದರೆ ತಡೆಯಲಿ" ಎಂದು ಅವಳು ಹೇಳುತ್ತಿದ್ದಳು. ಜೋರಾಗಿ ಅಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ. ನಾನು ರಟ್ಟೆ ಹಿಡಿದು ಎಳೆದೆ. ಅವಳು ಕಲ್ಲಿನಂತೆ ನಿಂತಿದ್ದಳು. ಮತ್ತೆ ಎಳೆದೆ. ಇಬ್ಬರೂ ಬೇಲಿಯ ಬುಡಕ್ಕೆ ಬಿದ್ದೆವು. ಆನೆ ಒಂದು ಹೆಜ್ಜೆ ಮುಂದೆ ಬಂತು, ಸೊಂಡಿಲೆತ್ತಿ ಗಾಳಿ ಮೂಸಿತು. ಆಮೇಲೆ ಮರಿಯನ್ನು ಮುಂದೆ ತಳ್ಳಿಕೊಂಡು ಕಾಫಿಯೊಳಗೆ ಇಳಿದು ಹೋಯಿತು.

ಇದನ್ನು ಸಭೆಯಲ್ಲಿ ಹೇಳಿದರೆ ಎಲ್ಲರೂ ಸ್ತೋತ್ರ ಮಾಡುತ್ತಾರೆ, ಕರ್ತನು ಕಾಪಾಡಿದ ಎನ್ನುತ್ತಾರೆ. ನನ್ನ ಬಾಯಿಗೆ ಆ ಮಾತು ಬರಲಿಲ್ಲ. ನಮಗಾಗಿ ತಿರುಗಿದ ಆನೆ ಅವನಿಗಾಗಿ ಯಾಕೆ ತಿರುಗಲಿಲ್ಲ? ಬೇಲಿಯ ಬುಡದಲ್ಲಿ ಕೂತು ಇಬ್ಬರೂ ಅತ್ತೆವು. ಅವನು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಅಂದಿನಿಂದ ಮುತ್ತಿ ನಮ್ಮ ಮನೆಯಲ್ಲೇ ಇದ್ದಾಳೆ. ಬಾಗಿಲಿಗೆ ಅಡ್ಡವಾಗಿ ಒಂದು ಚಾಪೆ ಹಾಸಿದ್ದೇವೆ. ಒಬ್ಬರನ್ನು ಕಾಯುವುದು ಎಂದರೆ ಏನೆಂದು ಈಗ ತಿಳಿಯುತ್ತಿದೆ. ಬಚ್ಚಲಿಗೆ ಹೋದರೂ ಹೊರಗೆ ನಿಂತು ಮಾತಾಡಿಸುತ್ತಿರಬೇಕು. ಒಂದು ಗಳಿಗೆ ಕಣ್ಣು ಹತ್ತಿದರೂ ತಟ್ಟನೆ ಎದ್ದು ಬಾಗಿಲು ನೋಡಬೇಕು. ಮನುಷ್ಯರಿಗೆ ಎಷ್ಟು ದಿನ ಆಗುತ್ತದೆ ಇದು?

ನೀವು ಉತ್ತರ ಸಿಕ್ಕಿದ ಮೇಲೆ ಬರೋಣ ಎಂದುಕೊಂಡಿದ್ದರೆ ಹಾಗೆ ಕಾಯಬೇಡಿ. ಉತ್ತರ ನನ್ನಲ್ಲೂ ಇಲ್ಲ. ಮುತ್ತಿ ಈಗ ಅದನ್ನು ಕೇಳುತ್ತಲೂ ಇಲ್ಲ. ಅವಳು ಕೇಳುವುದು ಬೇರೆ: ಮಣ್ಣು ಮುಚ್ಚುವಾಗ ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಅಯ್ಯ ಬಂದು ಮುಗಿಸಬೇಕು. ನಂಬಿಕೆ ಇಲ್ಲದೆ ಹೇಗೆ ಮುಗಿಸುತ್ತಾರೆ ಎಂದೆ. ಸಿಟ್ಟಿನಲ್ಲೇ ಮುಗಿಸಲಿ, ನಾನೂ ಸಿಟ್ಟಿನಲ್ಲೇ ಆಮೆನ್ ಅಂತೇನೆ ಎಂದಳು. ನಿಮ್ಮ ನಗು ಅವಳಿಗೆ ಗೊತ್ತು, ಆ ಫೋನಿನ ಮಾತೂ ಗೊತ್ತು. ನಾನೇ ಎಲ್ಲವನ್ನೂ ಹೇಳಿದ್ದೇನೆ. ಕೇಳಿಸಿಕೊಂಡವಳು, ಅಯ್ಯ ಹೇಳಿದರೆಂದು ಅಲ್ಲ, ಬೀಗದ ಕೈ ತನ್ನ ಹತ್ತಿರ ಉಂಟಲ್ಲ ಎಂದು ಹೋದದ್ದು ಅವರು ಎಂದಳು. ನಿಮ್ಮನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮಾತನ್ನು ಅವಳ ಮುಖ ನೋಡಿ ಕೇಳಬೇಕಾದವರು ನೀವು.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಪರಮೇಶಪ್ಪನವರ ಪಿಕಪ್ ಇವತ್ತು ಸಂಪಾಜೆಯ ಕಡೆ ಲೋಡ್ ಇಳಿಸಲು ಹೋಗುತ್ತದೆ. ಕಾಗದ ಕೊಟ್ಟು, ನೀವು ಓದಿ ಮುಗಿಸುವವರೆಗೆ ನಿಲ್ಲುತ್ತೇನೆ ಎಂದಿದ್ದಾರೆ. ಹಿಂದಿರುಗುವಾಗ ಗಾಡಿಯ ಮುಂದಿನ ಸೀಟು ಖಾಲಿ ಇರುತ್ತದೆ. ಬಟ್ಟೆಬರೆ ಆಮೇಲೆ ತರಿಸಿಕೊಳ್ಳೋಣ.

ನಿಮ್ಮವಳೇ ಆದ,
ಪವಿತ್ರಾ

ಮರೆತ ಮಾತು: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಶುಕ್ರವಾರದ ಸಂಗತಿಯನ್ನು ತಿರುವುಮುರುವು ಬರೆದಿದ್ದೇನೆ. ನಾನು ಅಕ್ಕಿ ಕೊಡಲು ಹೋಗಿರಲಿಲ್ಲ. ಕೆಳಗಿನ ದಾರಿಗೆ ಮೊದಲು ಇಳಿದವಳು ನಾನು. ಲೈನಿನ ನಲ್ಲಿಯ ಹತ್ತಿರ ನಿಂತಿದ್ದ ಮುತ್ತಿ ನನ್ನನ್ನು ನೋಡಿ, ಕೊಡ ಅಲ್ಲೇ ಬಿಟ್ಟು ಹಿಂದೆ ಓಡಿ ಬಂದಳು. ತಡೆಯಲಿ ಎಂದದ್ದು ನಾನು. ರಟ್ಟೆ ಹಿಡಿದು ಎಳೆದವಳು ಅವಳು. ಬಾಗಿಲಿಗೆ ಅಡ್ಡ ಚಾಪೆ ಹಾಕಿಕೊಂಡಿರುವವಳೂ ಅವಳೇ, ನಾನು ಒಳಗೆ ಮಲಗುತ್ತೇನೆ. ಈ ನಾಲ್ಕೈದು ದಿನ ಅವಳು ಕೆಲಸಕ್ಕೆ ಹೋಗಿಲ್ಲ. ನಾಳೆ ಹೋಗದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ತೆಗೆಯುತ್ತೇನೆ ಎಂದು ರೈಟರು ಹೇಳಿ ಕಳಿಸಿದ್ದಾರೆ. ನಾಳೆ ಬೆಳಿಗ್ಗೆ ಅವಳು ಹೊರಡುವುದರೊಳಗೆ ಬನ್ನಿ.