ಮೂವತ್ತನೆಯ ಚುಕ್ಕಿ

ಮ್ಯಾಡಿಸನ್, ವಿಸ್ಕಾನ್ಸಿನ್
ಸೆಪ್ಟೆಂಬರ್ 21, ಭಾನುವಾರ

ಅಮ್ಮಾ,

ಹಾಸ್ಟೆಲ್ ಶಾಲೆಯಲ್ಲಿದ್ದ ನಾಲ್ಕು ವರ್ಷವೂ ಭಾನುವಾರ ಮಧ್ಯಾಹ್ನ ನಮ್ಮನ್ನು ಊಟದ ಹಾಲಿನಲ್ಲಿ ಕೂರಿಸಿ ಮನೆಗೆ ಪತ್ರ ಬರೆಸುತ್ತಿದ್ದರು. ಪುಟ ತುಂಬಿಸಿದವರಿಗೆ ಮಾತ್ರ ಐಸ್‌ಕ್ರೀಮ್. ನನ್ನ ಪತ್ರಗಳೆಲ್ಲ ಸರಿಯಾಗಿ ಒಂದೇ ಪುಟಕ್ಕೆ ಮುಗಿಯುತ್ತಿದ್ದುದನ್ನು ನೀನು ಗಮನಿಸಿದ್ದೆಯೋ ಇಲ್ಲವೋ. ಇದು ಯಾರೂ ಬರೆಸದೆ ನಾನೇ ಕೂತು ಬರೆಯುತ್ತಿರುವ ಮೊದಲ ಪತ್ರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಸರಿ ಕಣೇ, ಒಲೆ ಮೇಲೆ ಏನೋ ಇದೆ" ಎನ್ನುತ್ತೀಯ, ನಾನೂ ಸರಿ ಎಂದುಬಿಡುತ್ತೇನೆ.

ನಿನ್ನ ಪಾರ್ಸೆಲ್ ಗುರುವಾರ ಬಂತು. ಉಣ್ಣೆಯ ಕಾಲುಚೀಲ ಬೆಚ್ಚಗಿವೆ, ಬಿಸ್ಕತ್ತನ್ನು ರೂಮಿನ ಹುಡುಗಿಯೇ ಮುಕ್ಕಾಲು ಮುಗಿಸಿದಳು. ಅವುಗಳ ಕೆಳಗೆ ಸುರುಳಿ ಸುತ್ತಿದ ಹೊಸ ಚಾರ್ಟು. ತಂಗಿ ವಿನ್ನಿಗೆ ಕ್ರಿಸ್‌ಮಸ್‌ವರೆಗೆ ನಲವತ್ತು ಪುಸ್ತಕ, ಓದಿದ ಒಂದೊಂದಕ್ಕೂ ಚುಕ್ಕಿ ಅಂಟಿಸಲು ನಲವತ್ತು ಮನೆ. ಹತ್ತಕ್ಕೆ ಸಿನಿಮಾ, ಇಪ್ಪತ್ತಕ್ಕೆ ಸ್ಕೇಟಿಂಗ್, ನಲವತ್ತಕ್ಕೆ "ರಜೆಯಲ್ಲಿ ಅಪ್ಪನ ಹತ್ತಿರ ಒಂದು ವಾರ". ಜೊತೆಗೊಂದು ಚೀಟಿ: ಬೇಸಿಗೆಯಲ್ಲಿ ಎಷ್ಟು ಚೆನ್ನಾಗಿ ನಡೆಸಿದೆ, ಇನ್ನು ಪ್ರತಿ ಭಾನುವಾರ ಫೋನಿನಲ್ಲಿ ನೀನೇ ಪ್ರಶ್ನೆ ಕೇಳು. ಚೀಟಿಯ ಮೂಲೆಗೆ ಒಂದು ಬಂಗಾರದ ಚುಕ್ಕಿ ಅಂಟಿಸಿದ್ದೆ. ನನಗೆ.

ಆ ಚುಕ್ಕಿಯನ್ನು ಉಗುರಿನಿಂದ ಕೆರೆದು ತೆಗೆದೆ. ಅಂಟು ಮಾತ್ರ ಉಳಿಯಿತು.

ನನಗೆ ಹನ್ನೊಂದಾಗಿದ್ದಾಗಿನ ಚಾರ್ಟು ನೆನಪಿದೆಯಾ? ಐದು ಪುಸ್ತಕಕ್ಕೊಂದು ಪೀಜಾ ಕೂಪನ್. ಆ ಬೇಸಿಗೆ ನಾನು ಐವತ್ತೆರಡು ಪುಸ್ತಕ ಓದಿದೆ ಎಂದು ನೀನು ಇಂದಿಗೂ ಚರ್ಚಿನ ಬಾಗಿಲಲ್ಲಿ ನಿಂತು ಹೇಳುತ್ತೀಯ. ಅದರಲ್ಲಿ ಒಂದರ ಹೆಸರು ಕೇಳು, ನನಗೆ ಬಾರದು. ನೆನಪಿರುವುದು ಕೊನೆಯ ಕೂಪನ್ನಿನ ದಿನ ಬೇಡವೆನಿಸಿದರೂ ತಿಂದದ್ದು, ತಣ್ಣಗಾದ ಚೀಸು ಅಂಗುಳಿಗೆ ಅಂಟಿಕೊಂಡದ್ದು, ಗಳಿಸಿದ್ದನ್ನು ಬಿಡಬಾರದು ಎಂದು ನೀನು ಇನ್ನೊಂದು ತುಂಡು ಹಾಕಿದ್ದು. ಈಗಲೂ ಪುಸ್ತಕ ಕೈಗೆ ಬಂದರೆ ಮೊದಲು ಕೊನೆಯ ಪುಟದ ನಂಬರ್ ನೋಡುತ್ತೇನೆ. ಇಲ್ಲಿ ಕಾಲೇಜಿನಲ್ಲಿ ಮೊದಲ ವಾರ ಒಬ್ಬ ಮೇಷ್ಟ್ರು ಒಂದು ಕಾದಂಬರಿ ಹೆಸರಿಸಿ "ಇಷ್ಟ ಬಂದಷ್ಟು ಓದ್ಕೊಂಡು ಬನ್ನಿ" ಅಂದರು. ನಾನು ಕೈಯೆತ್ತಿ "ಅಂದ್ರೆ ಎಷ್ಟು ಪುಟ ಸರ್?" ಅಂದೆ. ಕ್ಲಾಸೆಲ್ಲ ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ. ಆ ಪುಸ್ತಕ ಇನ್ನೂ ತೆರೆದಿಲ್ಲ, ಪರೀಕ್ಷೆ ಮುಂದಿನ ವಾರ. ಇದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ.

ಬೇಸಿಗೆಯ ವಿಷಯಕ್ಕೆ ಬರುತ್ತೇನೆ.

ಜೂನ್ ಮೊದಲ ವಾರ ಎರಡು ಸುದ್ದಿ ಒಟ್ಟಿಗೆ ಬಂದವು. ವಿನ್ನಿಗೆ ಹನ್ನೆರಡಾದರೂ ಓದು ಎರಡು ಕ್ಲಾಸು ಹಿಂದಿದೆ ಎಂದು ಅವಳ ಟೀಚರ್ ಬರೆದು ಕಳಿಸಿದರು. ಅದೇ ಸಂಜೆ ಅಪ್ಪ ಫೋನ್ ಮಾಡಿ, ಸುಪೀರಿಯರ್ ಸರೋವರದ ದೀಪಸ್ತಂಭಗಳನ್ನು ತೋರಿಸುವ ದೋಣಿಯಲ್ಲಿ ಕೆಲಸ ಸಿಕ್ಕಿದೆ, ದ್ವೀಪದಲ್ಲಿ ಮನೆ ಹಿಡಿದಿದ್ದೇನೆ, ಆಗಸ್ಟ್ ಹನ್ನೆರಡರಿಂದ ಎರಡು ವಾರ ವಿನ್ನಿಯನ್ನು ಕಳಿಸು ಎಂದರು. ಅವರು ಮನೆ ಬಿಟ್ಟ ಈ ನಾಲ್ಕು ವರ್ಷದಲ್ಲಿ ಅವಳನ್ನು ವಾರಾಂತ್ಯ ಬಿಟ್ಟು ಹೆಚ್ಚು ಕೇಳಿದ್ದು ಅದೇ ಮೊದಲು. ನೀನು ಪಾತ್ರೆ ಒರೆಸುತ್ತಾ ಹೇಳಿದೆ: "ಮೂವತ್ತು ಪುಸ್ತಕ ಓದ್ಲಿ, ಹೋಗ್ಲಿ. ನಾನೇನು ಬೇಡ ಅಂದ್ನಾ?"

ನನಗೆ ನಗು ಬಂತು. "ಮೂವತ್ತಾ? ಇವಳು ಶಾಂಪೂ ಬಾಟ್ಲಿ ಓದೋಕೇ ಅರ್ಧ ಗಂಟೆ ತಗೋತಾಳೆ" ಅಂದೆ.

"ನೀನು ಸುಮ್ನಿರೇ ಕೋರಾ" ಅಂದಳು ವಿನ್ನಿ. "ಅಮ್ಮಾ, ಶಾಂಪೂ ಬಾಟ್ಲಿನೂ ಲೆಕ್ಕಕ್ಕೆ ಬರುತ್ತಾ ಹೇಳು, ಈಗ್ಲೇ ಶುರು ಮಾಡ್ತೀನಿ."

ಮರುದಿನ ಗ್ಯಾರೇಜಿನಲ್ಲಿ ನೀನು ನನ್ನನ್ನು ಒಬ್ಬಳನ್ನೇ ಕರೆದು ನಿಯಮ ಹೇಳಿದೆ. ಪುಸ್ತಕಕ್ಕೆ ಮೂರು ಪ್ರಶ್ನೆ. ಕೊನೆಯ ಪುಟದವರೆಗೆ ಓದಿರಬೇಕು. "ನನ್ನ ಹತ್ರ ಆದ್ರೆ ಅಳ್ತಾಳೆ, ನಿನ್ನ ಹತ್ರ ಅಳಲ್ಲ. ಕಟ್ಟುನಿಟ್ಟಾಗಿರು. ಬೇಸಿಗೆ ಮುಗೀಲಿ, ಹಳೇ ಕಾರು ನಿಂದು." ಅವಳನ್ನು ಫೇಲ್ ಮಾಡು ಎಂದು ನೀನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕಾರಿನ ಬಾನೆಟ್ ಮೇಲೆ ಕೈಯಾಡಿಸುತ್ತಾ ನಿಂತಿದ್ದೆ.

ಅವಳು ಓದಿದ ರೀತಿ ನೀನು ನೋಡಲಿಲ್ಲ, ಕೆಲಸಕ್ಕೆ ಹೋಗಿರುತ್ತಿದ್ದೆ. ಬೆಳಿಗ್ಗೆ ವರಾಂಡದ ಮೆಟ್ಟಿಲ ಮೇಲೆ ಕೂತರೆ ಸೊಳ್ಳೆ ಕಚ್ಚಿದರೂ ಕೈ ಎತ್ತುತ್ತಿರಲಿಲ್ಲ, ಎತ್ತಿದರೆ ಸಾಲು ತಪ್ಪುತ್ತಿತ್ತು. ಬೆರಳು ಸಾಲಿನ ಕೆಳಗೆ ತೆವಳುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಮೊದಮೊದಲು ತೆಳು ಪುಸ್ತಕಗಳು, ಬೆಕ್ಕಿನವು, ಬೇಸ್‌ಬಾಲಿನವು. ನಾನು ಪ್ರಶ್ನೆ ಕೇಳುತ್ತಿದ್ದೆ, ಅವಳು ಹಲ್ಲು ಕಚ್ಚಿ ಉತ್ತರಿಸುತ್ತಿದ್ದಳು, ಫ್ರಿಜ್ ಮೇಲಿನ ಚಾರ್ಟಿಗೆ ಒಂದು ಚುಕ್ಕಿ. ಇಪ್ಪತ್ತೈದನೆಯ ಚುಕ್ಕಿ ಬಿದ್ದ ದಿನ ನೀನು ಫ್ರಿಜ್ ಮುಂದೆ ಒಂದು ಕ್ಷಣ ನಿಂತು, ಹಲ್ಲಿನ ಡಾಕ್ಟರ ಚೀಟಿಯನ್ನು ತಂದು ಚಾರ್ಟಿನ ಮೇಲೇ ಅಂಟಿಸಿದೆ. ಫ್ರಿಜ್ಜಿನಲ್ಲಿ ಬೇರೆ ಜಾಗವಿತ್ತು ಅಮ್ಮಾ. ವಿನ್ನಿ ಚೀಟಿಯನ್ನು ಪಕ್ಕಕ್ಕೆ ಸರಿಸಿದಳು. ನಾನು ಅದನ್ನೂ ನೋಡಿದೆ, ನಿನ್ನನ್ನೂ ನೋಡಿದೆ. ಆಮೇಲೆ ಟಿವಿ ನೋಡಲು ಹೋದೆ.

ಆಗಸ್ಟ್ ಹತ್ತಕ್ಕೆ ಗಡುವು. ಐದು ದಿನ ಇರುವಾಗ ಇಪ್ಪತ್ತೊಂಬತ್ತಾಗಿತ್ತು. ಒಂದು ತೆಳು ಪುಸ್ತಕ ತಂದಿದ್ದರೆ ಅಂದೇ ಸಂಜೆ ಮುಗಿಯುತ್ತಿತ್ತು. ಅವಳು ಲೈಬ್ರರಿಯಿಂದ ತಂದದ್ದು ಇಟ್ಟಿಗೆಯಂಥ ಪುಸ್ತಕ, ಸುಪೀರಿಯರ್ ಸರೋವರದ ದೀಪಸ್ತಂಭಗಳದ್ದು. "ತಲೆ ಕೆಟ್ಟಿದೆಯೇನೇ?" ಅಂದೆ. "ಅಪ್ಪನ ದೋಣಿ ಇವುಗಳ ಹತ್ರಾನೇ ಹೋಗೋದು" ಅಂದಳು. ಬಚ್ಚಲಲ್ಲಿ ಓದಿದಳು, ಕಾರಲ್ಲಿ ಓದಿದಳು. ಶುಕ್ರವಾರ ಹೋಟೆಲಿಗೆ ಮೀನೂಟಕ್ಕೆ ಹೋದಾಗ ಮೇಜಿನ ಕೆಳಗಿಟ್ಟು ಓದಿ ಪುಟದ ಮೇಲೆ ಬಿಳಿ ಸಾಸು ಚೆಲ್ಲಿಕೊಂಡಳು, ನೀನು ಬೈದೆ. ಅವಳ ತುಟಿ ಅಲ್ಲಾಡುತ್ತಿರಲಿಲ್ಲ ಎಂಬುದು ನನಗೆ ಈಗ ಹೊಳೆಯುತ್ತಿದೆ.

ಶನಿವಾರ ಬೆಳಿಗ್ಗೆ ನನ್ನ ಹಾಸಿಗೆಯ ಮೇಲೆ ಬಂದು ಕೂತಳು. ನಾನು ಪ್ರಶ್ನೆ ಕೇಳುವ ಮೊದಲೇ ಶುರು ಮಾಡಿದಳು. ಮಂಜು ಕವಿದಾಗ ಗಂಟೆ ಹೊಡೆಯುವ ಯಂತ್ರ ಕೆಟ್ಟುಹೋಗಿ ದೀಪ ಕಾಯುವವನ ಮಗಳು ಕೈಗೆ ಬಟ್ಟೆ ಸುತ್ತಿಕೊಂಡು ಇಪ್ಪತ್ತು ಗಂಟೆ ಹೊತ್ತು ತಾನೇ ಗಂಟೆ ಬಾರಿಸಿದ ಕಥೆ. "ದೋಣಿ ಇದ್ಯೋ ಇಲ್ವೋ ಅವಳಿಗೆ ಕಾಣ್ತಾನೇ ಇರ್ಲಿಲ್ಲ ಕಣೇ. ಸುಮ್ನೆ ಹೊಡೀತಾನೇ ಇದ್ಲು. ನಾನಾಗಿದ್ರೆ ಸ್ಯಾಂಡ್‌ವಿಚ್ ತಿನ್ನೋಕೆ ಹೋಗಿರ್ತಿದ್ದೆ." ಇನ್ನೂ ಏನೇನೋ ಹೇಳಿದಳು. ನಾನು ಕೇಳುತ್ತಿರಲಿಲ್ಲ, ಅವಳ ತೊಡೆಯ ಮೇಲಿದ್ದ ಪುಸ್ತಕ ನೋಡುತ್ತಿದ್ದೆ. ಗುರುತಿನ ರಿಬ್ಬನ್ ಕೊನೆಗಿಂತ ಸ್ವಲ್ಪ ಮೊದಲೇ ಇತ್ತು.

"ಇನ್ನೂ ಹತ್ತು ಪುಟ ಇದೆಯಲ್ಲ" ಅಂದೆ.

"ಕಥೆ ಮುಗೀತು. ಅವು ಅಪ್ಪನ ಜೊತೆ ಓದೋಕೆ."

"ಹತ್ತೇ ತಾನೇ, ಈಗ್ಲೇ ಓದಿ ಮುಗಿಸು. ನಾನು ಕಾಯ್ತೀನಿ."

"ಇಲ್ಲಿ ಓದಿದ್ರೆ ಉಪಯೋಗ ಇಲ್ಲ ಕಣೇ. ಬೇಕಾದ್ರೆ ತೆಗ್ದು ನೋಡು." ಅವಳು ಪುಸ್ತಕವನ್ನು ನನ್ನತ್ತ ಚಾಚಿದಳು.

ನಾನು ತೆಗೆದುಕೊಳ್ಳಲಿಲ್ಲ. ಕೊನೆಯ ಪುಟ ಅಂದರೆ ಕೊನೆಯ ಪುಟ ಅಂದೆ. ಅವಳು ಹಟ ಹಿಡಿದಳು. ಮರುದಿನವೂ ಕೇಳಿದೆ, ಮರುದಿನವೂ ಅದೇ ಉತ್ತರ. ಹೋಗಿ ಮೂವತ್ತನೆಯ ಮನೆಯಲ್ಲಿ "ಅಪೂರ್ಣ" ಎಂದು ಬರೆದು ನಿನಗೆ ಹೇಳಿದೆ: ಮುಗಿಸಿಲ್ಲ. ಅಷ್ಟೇ ಹೇಳಿದ್ದು. ಏನು ಉಳಿಯಿತು, ಯಾಕೆ ಉಳಿಯಿತು ಎಂದು ನೀನು ಕೇಳಲಿಲ್ಲ. ನಿನ್ನ ಭುಜ ಇಳಿಯಿತು, ಭಾರದ ಚೀಲ ಕೆಳಗಿಟ್ಟವರಂತೆ. "ನಿಯಮ ನಿಯಮಾನೇ. ಮುಂದಿನ ವರ್ಷ ನೋಡೋಣ" ಅಂದು ಅವಳಿಗಿಷ್ಟದ ಮ್ಯಾಕರೋನಿ ಮಾಡಿದೆ. ಅವಳು ತಿಂದಳು. ಅದೇ ನನಗೆ ಅಸಹ್ಯ, ಅವಳು ಸುಮ್ಮನೆ ತಿಂದದ್ದು. ಬೆಳಿಗ್ಗೆ ನನ್ನ ತಟ್ಟೆಯ ಪಕ್ಕ ಕಾರಿನ ಕೀಲಿ ಇತ್ತು. ಒಳಕೋಣೆಯಲ್ಲಿ ವಿನ್ನಿ ಚೀಲದಿಂದ ಬಟ್ಟೆ ಹೊರಗೆ ತೆಗೆದು ಮಡಚಿಡುತ್ತಿದ್ದಳು. ನಾನು ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಆ ದಿನ ಅಪ್ಪ ನನಗೆ ಫೋನ್ ಮಾಡಿದ್ದರು, ನಿನಗೆ ಹೇಳಿರಲಿಲ್ಲ. "ಬರ್ತಾಳೋ ಇಲ್ವೋ ಅಷ್ಟು ಹೇಳು ಪುಟ್ಟೀ. ಮಂಚಕ್ಕೆ ಬಣ್ಣ ಬಳಿದಿದೀನಿ, ಇನ್ನೂ ವಾಸನೆ ಹೋಗಿಲ್ಲ" ಅಂದರು. ಬರುವುದಿಲ್ಲ, ಓದು ಮುಗಿಸಿಲ್ಲ ಅಂದೆ. "ಓದೋದು ಅವಳಿಗೆ ಕಷ್ಟ ಅಲ್ವೇನೇ" ಅಂದರು.

ಅವಳಿಗೆ ಅಲ್ಲಿ ಹಿಡಿಸಿಬಿಟ್ಟರೆ ಎಂದು ನಿನಗೆ ಭಯ. ಅದು ನನಗೆ ಅರ್ಥವಾಗುತ್ತದೆ. ನಾನು ಹದಿನಾಲ್ಕಕ್ಕೇ ಹಾಸ್ಟೆಲಿಗೆ ಹೋದೆ, ಅಪ್ಪ ಹೋದರು, ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ಭಯ ಅಂತ ಅವಳ ಮುಖ ನೋಡಿ ಹೇಳಿದ್ದರೆ ಅವಳೇ ಹೋಗದೆ ಉಳಿಯುತ್ತಿದ್ದಳೇನೋ. ನೀನು ಅವಳ ಕೈಲಾಗದ ಸಂಖ್ಯೆಯನ್ನು ಹುಡುಕಿ, ಅದಕ್ಕೆ ಬಹುಮಾನ ಎಂದು ಹೆಸರಿಟ್ಟೆ. ಅವಳ ಕೈಲಾಗುವ ಹಾಗಾದಾಗ ಬಾಗಿಲಲ್ಲಿ ಅಡ್ಡ ನಿಲ್ಲಲು ನಾನಿದ್ದೆ. ನನಗೆ ನಿನ್ನ ಮೇಲೆ ಎಷ್ಟು ಹೇಸಿಗೆಯೋ ಅದಕ್ಕಿಂತ ಹೆಚ್ಚು ನನ್ನ ಮೇಲೆ, ಯಾಕೆಂದರೆ ನಿನಗೆ ಭಯವಾದರೂ ಇತ್ತು. ನನಗೆ ಕಾರು ಬೇಕಿತ್ತು.

ಹೊಸ ಚಾರ್ಟನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ನಾನು ಇನ್ನು ಪ್ರಶ್ನೆ ಕೇಳುವುದಿಲ್ಲ.

ಅಪ್ಪನ ದೋಣಿ ಅಕ್ಟೋಬರ್ ಎರಡನೆಯ ವಾರಾಂತ್ಯದವರೆಗೆ ಓಡುತ್ತದೆ, ಆಮೇಲೆ ಮುಂದಿನ ಬೇಸಿಗೆಗೇ. ಹತ್ತನೆಯ ತಾರೀಕು ಶುಕ್ರವಾರ ಮೂರು ಗಂಟೆಗೆ ಶಾಲೆ ಬಿಡುವಾಗ ನಾನು ಬಾಗಿಲಲ್ಲಿರುತ್ತೇನೆ. ಅವಳನ್ನು ಕರೆದುಕೊಂಡು ಹೋಗಿ ಭಾನುವಾರ ಸಂಜೆ ತಂದು ಬಿಡುತ್ತೇನೆ, ಕಾರನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸಿನಲ್ಲಿ ಮರಳುತ್ತೇನೆ. ಅವಳು ಯಾವ ಪುಸ್ತಕವನ್ನೂ ಓದಿ ಇದನ್ನು ಗಳಿಸಬೇಕಾಗಿಲ್ಲ. ಬೇಡ ಎನ್ನುವುದಾದರೆ ಚಾರ್ಟಿನಲ್ಲಿ ಬರೆಯಬೇಡ, ನನ್ನ ಕೈಲೂ ಹೇಳಿಸಬೇಡ. ನೀನೇ ಅವಳ ಎದುರು ಕೂತು ಹೇಳು.

ಬಿಸ್ಕತ್ತು ಚೆನ್ನಾಗಿತ್ತು. ಅದು ಸುಳ್ಳಲ್ಲ.

ನಿನ್ನ ಮಗಳು,
ಕೋರಾ

ತಾ.ಕ.: ಆ ದೀಪಸ್ತಂಭದ ಪುಸ್ತಕವನ್ನು ಇಲ್ಲಿನ ಲೈಬ್ರರಿಯಲ್ಲಿ ಕೇಳಿದೆ. ಅವರಲ್ಲಿರಲಿಲ್ಲ, ಬೇರೆ ಊರಿನಿಂದ ತರಿಸಿಕೊಟ್ಟರು. ತೆರೆದರೆ ನಮ್ಮೂರಿನ ಲೈಬ್ರರಿಯ ಮುದ್ರೆ, ನಡುವೆ ಒಂದು ಪುಟದಲ್ಲಿ ಬಿಳಿ ಸಾಸಿನ ಕಲೆ. ಕಥೆಯ ಕೊನೆಯ ಸಾಲು ರಿಬ್ಬನ್ ಇದ್ದ ಪುಟದಲ್ಲೇ ಇದೆ. ಆಮೇಲಿನ ಹತ್ತು ಪುಟ ಬರೀ ಪಟ್ಟಿ: ದೀಪಸ್ತಂಭದ ಹೆಸರು, ಅದರ ಎದುರಿಗೆ ಖಾಲಿ ಗೆರೆ, ಮೇಲೆ "ನೋಡಿದ ದಿನ" ಎಂಬ ತಲೆಬರಹ. ಮೊದಲ ಆರು ಹೆಸರುಗಳ ಎದುರು ಯಾರೋ ಪೆನ್ಸಿಲಿನಲ್ಲಿ ಬರೆದು, ರಬ್ಬರಿನಿಂದ ಉಜ್ಜಿ ಅಳಿಸಿದ್ದಾರೆ. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಗುರುತು ಕಾಣುತ್ತದೆ. ಆಗಸ್ಟ್ 13, ಆಗಸ್ಟ್ 13, ಆಗಸ್ಟ್ 14, ಅಪ್ಪನ ದೋಣಿಯಲ್ಲಿ ಹೋಗಬೇಕಿದ್ದ ದಿನಗಳು. ಆರೂ ವಿನ್ನಿಯ ಅಕ್ಷರ.