ನೂರ ಮೂವತ್ತಕ್ಕೆ ನಿಂತ ಕುಲುಮೆ

ಮಾರ್ಚ್ ೧೪, ಗುರುವಾರ

ದೊಡ್ಡಪ್ಪನ ಎರಡೂ ಅಂಗೈ ಸುಟ್ಟಿವೆ. ಗಾಜಿನ ಕುಲುಮೆ ನೋಡಿಕೊಳ್ಳುವ ಅವರು ಕಾರ್ಖಾನೆಗೆಲ್ಲ ದೊಡ್ಡಪ್ಪ.

ಕುಲುಮೆ ಒಂಬೈನೂರ ಮೂವತ್ತು ಡಿಗ್ರಿಯಿಂದ ಮೂವತ್ತಕ್ಕೆ, ನೂರು ನೂರರಂತೆ ಸಮವಾಗಿ ಇಳಿಯಬೇಕು. ಆ ಸಂಖ್ಯೆಗಳನ್ನು ಅರೇಗೆ, ಅಂದರೆ ಒಂದು ಸಾಲಿಗೆ, ತುಂಬಿಸುವ ಕೋಡ್ ಬರೆದವಳು ನಾನು. ಎಲ್ಲಿಗೆ ನಿಲ್ಲಬೇಕೆಂದು ಕೊಡುತ್ತೇವೋ ಆ ಸಂಖ್ಯೆಯನ್ನು ಸಾಲು ತುಂಬಿಸುವ ಫಂಕ್ಷನ್ ಸೇರಿಸಿಕೊಳ್ಳುವುದಿಲ್ಲ, ಅದರ ಹಿಂದಿನದಕ್ಕೇ ನಿಲ್ಲುತ್ತದೆ. ಮೊದಲ ವಾರವೇ ಕಲಿತ ಪಾಠ. ಮರೆತು ಮೂವತ್ತನ್ನೇ ಕೊಟ್ಟೆ. ಸಾಲು ನೂರ ಮೂವತ್ತಕ್ಕೇ ಮುಗಿಯಿತು. ಸಾಲು ಮುಗಿದರೆ ಎಲ್ಲ ತಣಿಯಿತೆಂದೇ ಯಂತ್ರದ ಲೆಕ್ಕ. ಹಸಿರು ದೀಪ ಹೊತ್ತಿಸಿತು.

"ಒಂದು ನಂಬರ್ ತಾನೆ? ಸರಿ ಮಾಡಿ ಬಾಯಿ ಮುಚ್ಕೊಂಡಿರು," ಅಂದರು ಮ್ಯಾನೇಜರ್. ಅರ್ಧ ನಿಮಿಷದಲ್ಲಿ ಸರಿಯಾಯಿತು. ಹಾಳಾದ್ದು, ಅಷ್ಟು ಸುಲಭ.

ಸಂಜೆ ಆಸ್ಪತ್ರೆಗೆ ಹೋದೆ. ಬ್ಯಾಂಡೇಜಿನ ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದರು. ಮಗಳು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಹೇಳುವ ಮೊದಲೇ ಅತ್ತುಬಿಟ್ಟೆ. ಕೊನೆಗೆ ಅವರೇ ನನ್ನನ್ನು ಸಮಾಧಾನ ಮಾಡಿದರು.

"ಅಳಬೇಡ ಕಣಮ್ಮ. ದೀಪ ಹಸಿರಾಯ್ತಲ್ಲ ಅಂತ ಬರಿಗೈಲೇ ಗಾಜು ಎತ್ತಿದೆ. ಗ್ಲೌಸ್ ಹಾಕ್ಕೋಬೇಕಿತ್ತು. ತಪ್ಪು ನಂದೇ, ಅಲ್ವಾ?"

ಹೂಂ ಅಂದೆ.

ಹೂಂ ಅಂದುಬಿಟ್ಟೆ.