ನಾಲ್ಕು ಗಂಟೆ ಹತ್ತು ನಿಮಿಷದ ಚೀಟಿ

ಮಾರ್ಚ್ 12, ಮಂಗಳವಾರ

ನನ್ನ ಪಿಟೀಲಿಗೆ,

ಹೇಗಿದ್ದೀಯೆ? ನಿನ್ನ ಎರಡು ಕಾಗದಗಳೂ ಕೈಸೇರಿ ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ, ಬೈದುಕೋ. ಮಂಡಿನೋವು, ಕನ್ನಡಕ ಒಡೆಯಿತು ಎಂದೆಲ್ಲ ಸಬೂಬು ಹೇಳಬಹುದಿತ್ತು. ಆದರೆ ಹನ್ನೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದೇ ಬೋರ್ಡಿನ ಮುಂದೆ ನನ್ನ ಪಕ್ಕ ಕೂತವಳು ನೀನು, ನಮ್ಮ ದನಿ ಕೇಳಿ ಪಿಟೀಲು, ನಗಾರಿ ಅಂತ ಹೆಸರಿಟ್ಟದ್ದೂ ಅಲ್ಲೇ; ನನ್ನ ಸಬೂಬುಗಳೆಲ್ಲ ನಿನಗೆ ಬಾಯಿಪಾಠ. ನಿನಗೊಂದು ವಿಷಯ ಬರೆಯಬೇಕಿತ್ತು, ಧೈರ್ಯ ಸಾಲದೆ ಮುಂದೂಡುತ್ತಿದ್ದೆ. ಈಗ ಧೈರ್ಯ ಬಂದಿದೆ. ಅದು ಆರಿಹೋಗುವ ಮೊದಲೇ ಬರೆದು ಮುಗಿಸುತ್ತೇನೆ.

ಮೊದಲು ಸುದ್ದಿ. ಗಡಿಯ ರಸ್ತೆಯಲ್ಲಿದ್ದ ಹಳೆಯ ಸುಂಕದ ಕಚೇರಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಯುದ್ಧದ್ದು, ಗಡಿಯದ್ದು, ನಮ್ಮ ಊರಿನದ್ದು ಎಲ್ಲ ಸೇರಿ ಮೂರು ಕೋಣೆ. ಅದನ್ನು ನೋಡಿಕೊಳ್ಳುವ ಹುಡುಗಿ ನಿನ್ನ ಮಗಳಿಗಿಂತಲೂ ಚಿಕ್ಕವಳು. ನನ್ನನ್ನು ಹುಡುಕಿಕೊಂಡು ಮನೆಗೇ ಬಂದಳು. "ಅಮ್ಮಾ, ನಿಮ್ಮ ಬೋರ್ಡು ಗೋದಾಮಿನಲ್ಲಿ ಸಿಕ್ಕಿತು. ಯಾವ ವಯರು ಎಲ್ಲಿಗೆ ಅಂತ ಹೇಳೋರು ಯಾರೂ ಇಲ್ಲ. ಬಂದು ಒಂಚೂರು ತೋರಿಸಿಕೊಡ್ತೀರಾ?" ಅಂದಳು. ನನಗೆ ಅಷ್ಟು ಸಾಕಿತ್ತು. ಮಂಡಿನೋವು ಎಲ್ಲಿ ಹೋಯಿತೋ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ.

ಮೊದಲ ಕೋಣೆಯಲ್ಲಿ ತುಕ್ಕು ಹಿಡಿದ ಮುಳ್ಳುತಂತಿ, ಹೆಲ್ಮೆಟ್ಟುಗಳು, ಯಾವನೋ ಸಿಪಾಯಿ ಅರ್ಧ ಬರೆದು ಬಿಟ್ಟ ಕಾಗದ. ಎರಡನೆಯದರಲ್ಲಿ ಗೋಡೆಯಗಲದ ನಕ್ಷೆ. ಆಚೆಯ ಸಾಬೂನೇ ಚೆನ್ನ ಅಂತ ನೀನು ಭಾನುವಾರ ಭಾನುವಾರ ನಡೆದು ದಾಟಿ, ನಿಮ್ಮಪ್ಪನ ಮನೆಯಲ್ಲಿ ಉಂಡು, ಸಂಜೆಗೆ ವಾಪಸ್ಸು ಬರುತ್ತಿದ್ದೆಯಲ್ಲ, ಆ ಗೆರೆಗೆ ಕೆಂಪು ಬಣ್ಣ ಬಳಿದಿದ್ದಾರೆ. ನಾವು ಬಾಡಿಗೆಗಿದ್ದ ಕೋಣೆ ಅದಕ್ಕೆ ಅಷ್ಟು ಹತ್ತಿರವಿತ್ತೆಂದು ನನಗೆ ತಿಳಿದದ್ದೇ ಈಗ.

ಮೂರನೆಯ ಕೋಣೆಯಲ್ಲಿ ನಮ್ಮ ಬೋರ್ಡು. ಸ್ಟೂಲಿನ ಮೇಲೆ ಕೂತದ್ದೇ ತಡ, ಕೈ ತಾನೇ ಓಡಿತು ಕಣೇ. ಹನ್ನೆರಡು ಆಸ್ಪತ್ರೆ, ಹದಿನೇಳು ರೈಲ್ವೆ ಸ್ಟೇಷನ್ನು, ಕೆಳಸಾಲಿನ ಎಂಟು ಆಚೆಯ ಊರಿಗೆ. ಹುಡುಗಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನಾನು ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಮೇಲೆ ಪಕ್ಕದ ಗಾಜಿನ ಪೆಟ್ಟಿಗೆಯತ್ತ ಕಣ್ಣು ಹೋಯಿತು. ಪ್ರತಿ ಕರೆಗೂ ಒಂದು ಚೀಟಿ ಬರೆಯುತ್ತಿದ್ದೆವಲ್ಲ: ಯಾರು, ಯಾರಿಗೆ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ನಡುವೆ ಕಡಿದರೆ ಕಾರಣ. ಅಂಥದ್ದೇ ಒಂದು ಚೀಟಿ. "4.10. ಆ ಕಡೆಯಿಂದ ಲೈನ್ ಕಟ್." ನನ್ನ ಕೈಬರಹ. ಕರೆ ಮಾಡಿದವಳು ನೀನು, ಆಚೆ ನಿಮ್ಮಪ್ಪ. ಅದರ ಮೇಲೆ ದಪ್ಪ ಅಕ್ಷರದಲ್ಲಿ, "ಸಂಪರ್ಕವನ್ನು ಮೊದಲು ಕಡಿದವರು ಆಚೆಯವರು" ಎಂದು ಬರೆದು ಹಾಕಿದ್ದಾರೆ.

ಶಾಲೆಯ ಮಕ್ಕಳನ್ನು ಕರೆತಂದಿದ್ದ ಮೇಷ್ಟ್ರೊಬ್ಬರು ಅಲ್ಲೇ ನಿಂತು, "ನೋಡಿದ್ರಾ, ಮೊದಲು ಕಡಿದೋರು ಅವರೇ. ಕಾಗದದ ಮೇಲೇ ಇದೆ" ಅನ್ನುತ್ತಿದ್ದರು. ಮಕ್ಕಳೆಲ್ಲ ತಲೆಯಾಡಿಸಿದರು. ನಾನೂ ನಲವತ್ತಾರು ವರ್ಷ ಹಾಗೇ ತಲೆಯಾಡಿಸಿದ್ದೇನೆ. "ಅಪ್ಪ ಏನೋ ಹೇಳ್ತಿದ್ರು ಕಣೇ, ಅಷ್ಟರಲ್ಲಿ ಆ ಪಾಪಿಗಳು ಕಡಿದರು" ಅಂತ ನೀನು ಅತ್ತಾಗಲೆಲ್ಲ ಹೂಂಗುಟ್ಟಿದ್ದೇನೆ. ಮತ್ತೆ ಗಡಿ ತೆರೆಯುವ ಹೊತ್ತಿಗೆ ನಿಮ್ಮಪ್ಪನೇ ಇರಲಿಲ್ಲ.

ಆಚೆಯವರು ಕಡಿಯಲಿಲ್ಲ, ಪಿಟೀಲು. ವಯರು ಕಿತ್ತವಳು ನಾನು. ಅವತ್ತು ಲೈನುಗಳನ್ನೆಲ್ಲ ಕಡಿಯಿರಿ ಅಂತ ಆದೇಶ ಬಂದದ್ದು ನಮ್ಮ ಕಡೆಯಿಂದಲೇ. ನೀನು ಬೂತಿನಿಂದ ಓಡಿಬಂದು "ಏನಾಯ್ತೇ?" ಅಂದೆ. ನಿನ್ನ ಮುಖ ನೋಡಿ ಬಾಯಿಗೆ ಬಂದದ್ದು, "ಆ ಕಡೆಯಿಂದ ಹೋಯ್ತು." ಬಾಯಲ್ಲಿ ಬಂದದ್ದನ್ನೇ ಚೀಟಿಯಲ್ಲೂ ಬರೆದೆ.

ಹುಡುಗಿಯನ್ನು ಕರೆದು, "ಇದು ನನ್ನ ಕೈಬರಹ. ಬರೆದಿರೋದು ಸುಳ್ಳು" ಅಂದೆ.

ಅವಳ ಮುಖ ಬಿಳುಚಿಕೊಂಡಿತು. "ಯೋಚನೆ ಮಾಡಿ ಹೇಳಿ ಅಮ್ಮಾ. ಈ ಗೋಡೆಯ ಕಥೆಯೆಲ್ಲ ನಿಂತಿರೋದೇ ಆ ಚೀಟಿ ಮೇಲೆ."

"ಹಾಗಿದ್ರೆ ಬೇರೆ ಕಥೆ ಬರೀರಿ."

ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಬಿಡಮ್ಮಾ, ಅಜ್ಜಿಗೆ ವಯಸ್ಸಾಯ್ತು, ಮರೆವು." ನನಗೆ ಮರೆವಂತೆ! "ಮೇಷ್ಟ್ರೇ, ಈ ಊರಿನ ಮುನ್ನೂರು ನಂಬರು ಈಗಲೂ ಹೇಳ್ತೀನಿ, ಬರ್ಕೊಳ್ಳಿ" ಅಂತ ಶುರುಮಾಡಿದೆ. ನಲವತ್ತು ದಾಟುವಷ್ಟರಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು, ಮೇಷ್ಟ್ರು ಅವರನ್ನು ಸಾಲು ಮಾಡಿಸಿ ಹೊರಗೆ ಕರೆದೊಯ್ದರು.

ಹುಡುಗಿ ಗಟ್ಟಿಗಿತ್ತಿ. ಬರೆದು ಸಹಿ ಹಾಕಿಕೊಟ್ಟರೆ ಬರುವ ತಿಂಗಳೇ ಫಲಕ ಬದಲಿಸುತ್ತೇನೆ ಅಂದಳು. ಕೊಡುತ್ತೇನೆ, ಆದರೆ ಮೊದಲು ಒಬ್ಬಳಿಗೆ ಹೇಳಬೇಕು ಅಂದೆ. ಫಲಕ ಬದಲಾದರೆ ಪೇಪರಿನಲ್ಲಿ ಬರುತ್ತದೆ, ನಿನ್ನ ಮಗಳು ಓದಿ ಹೇಳುತ್ತಾಳೆ. ನಿನಗೆ ಇದು ಬೇರೆಯವರ ಬಾಯಿಂದ ತಿಳಿಯಬಾರದು. ಕ್ಷಮಿಸು ಅನ್ನಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಎಷ್ಟು ಬೇಕಾದರೂ ಬೈದು ಬರಿ, ಬರೆಯದೆ ಮಾತ್ರ ಇರಬೇಡ.

ಮಗಳು, ಅಳಿಯ ಸುಖವಾಗಿರಲಿ. ಮೊಮ್ಮಗಳಿಗೆ ನಿನ್ನ ಬುದ್ಧಿ ಬರಲಿ, ಕಂಠ ಬೇಡ. ನೀನು ನನಗಿಂತ ಹೆಚ್ಚು ಕಾಲ ಬಾಳು.

ನಿನ್ನ,
ನಗಾರಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇನ್ನೊಮ್ಮೆ ಓದಿಕೊಂಡೆ. ಮತ್ತೆ ಆದೇಶದ ಮರೆಯಲ್ಲೇ ನಿಂತಿದ್ದೇನೆ. ಆದೇಶ ಇದ್ದದ್ದು ನಾಲ್ಕೂವರೆಗೆ. ನಾನು ಕಿತ್ತದ್ದು ಇಪ್ಪತ್ತು ನಿಮಿಷ ಮೊದಲು. ಲೈನು ಸೊರಗಿತ್ತು, ನೀನು "ಕೇಳಿಸ್ತಿಲ್ಲ ಅಪ್ಪಾ, ಜೋರಾಗಿ ಹೇಳಿ" ಅಂತ ಕೂಗುತ್ತಿದ್ದೆ. ನಡುವೆ ಕೂತ ನನಗೆ ಎಲ್ಲ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಅವರ ಮಾತನ್ನು ನಾವೇ ಹೇಳಿ ದಾಟಿಸಬೇಕು, ಅದೇ ನಮ್ಮ ಕೆಲಸ. ನಿಮ್ಮಪ್ಪ ಹೇಳಿದ್ದು ಇಷ್ಟು: "ನಡೆದು ದಾಟೋ ದಾರಿ ಮುಚ್ಚಿಬಿಟ್ರು, ಐದು ಗಂಟೆ ರೈಲೇ ಕೊನೇದಂತೆ ಮಗಳೇ. ಉಟ್ಟ ಬಟ್ಟೆಯಲ್ಲೇ ಹೊರಟು ಬಾ. ನಾನು ಸ್ಟೇಷನ್ನಿನಲ್ಲಿ ನಿಂತಿರ್ತೀನಿ." ಹೇಳಿದರೆ ನೀನು ಹೊರಟುಬಿಡುತ್ತೀಯೆಂದು ಗೊತ್ತಿತ್ತು. ಈ ಊರಿನಲ್ಲಿ ನಿನ್ನನ್ನು ಬಿಟ್ಟರೆ ನನಗೆ ಯಾರೂ ಇರಲಿಲ್ಲ. ಕಿತ್ತುಬಿಟ್ಟೆ. ಮಗಳು ಕೇಳಿಸಿಕೊಂಡಿದ್ದಾಳೆ ಅಂದುಕೊಂಡೇ ಅವರು ಸ್ಟೇಷನ್ನಿಗೆ ಹೋಗಿ ನಿಂತಿರಬೇಕು.